ಈ ಸದ್ದು ಯಾರದು?

ಕಿವಿಯೊಳಕ್ಕೆ ತೂರಿಸಿಕೊಳ್ಳುವ ಇಯರ್‌ಫೋನ್ ಬಳಸುವವರಿಗೆಲ್ಲ ಗೊತ್ತಿರುವ ಒಂದು ಸದ್ದಿದೆ. ವೈರ್ ಅಂಗಿಯ ಗುಂಡಿಗೆ ತಾಕಿದರೆ ಕಿವಿಯಲ್ಲಿ ‘ಟಕ್’ ಎನ್ನುತ್ತದೆ. ವೇಲಿಗೆ ಸವರಿದರೆ ಯಾರೋ ಗೋಣಿಚೀಲ ಎಳೆದುಕೊಂಡು ಹೋದಂತೆ ಸರಕ್ ಸರಕ್. ನಡೆಯತೊಡಗಿದರೆ ಹೆಜ್ಜೆಹೆಜ್ಜೆಗೂ ತಲೆಯೊಳಗೆ ಧಪ್ ಧಪ್. ಹಾಡು ನಿಲ್ಲಿಸಿದರೂ ಇದು ನಿಲ್ಲುವುದಿಲ್ಲ, ಏಕೆಂದರೆ ಇದು ಫೋನಿನಿಂದ ಬರುತ್ತಿರುವುದಲ್ಲ. ಪಕ್ಕದಲ್ಲಿ ಕೂತವರಿಗೆ ಕೇಳಿಸುವುದೂ ಇಲ್ಲ. ಇಯರ್‌ಫೋನ್ ಬಲ್ಲವರು ಇದನ್ನು ‘ಮೈಕ್ರೊಫೋನಿಕ್ಸ್’ ಎನ್ನುತ್ತಾರೆ, ‘ಕೇಬಲ್ ನಾಯ್ಸ್’ ಎನ್ನುವುದೂ ಉಂಟು. ನಾನು ಸದ್ಯಕ್ಕೆ ವೈರ್‌ಸದ್ದು ಎಂದುಕೊಂಡಿದ್ದೇನೆ.

ಜಾನಪದದಲ್ಲಿ ಸಂಶೋಧನೆ ಮಾಡುವ ನನಗೆ ದಿನಕ್ಕೆ ನಾಲ್ಕೈದು ಗಂಟೆ ಇಯರ್‌ಫೋನ್ ಹಾಕಿಕೊಂಡು ಕೂರುವುದು ಕೆಲಸದ ಭಾಗ. ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ರೆಕಾರ್ಡ್ ಮಾಡಿಕೊಂಡು ಬಂದ ಬೀಸುವ ಪದಗಳನ್ನು ಒಂದೊಂದೇ ಸಾಲಾಗಿ ಕೇಳಿ, ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿ ಬರೆದುಕೊಳ್ಳಬೇಕು. ತುಮಕೂರು ಕಡೆಯವಳಾದ ನನಗೆ ಆ ಭಾಗದ ಮಾತು ಮೊದಲ ಸಲಕ್ಕೇ ಪೂರ್ತಿ ದಕ್ಕುವುದಿಲ್ಲ. ಹಾಗಾಗಿ ಇಂಥ ಸದ್ದುಗಳ ಬಗ್ಗೆ ಯೋಚಿಸಲು ಬೇರೆಯವರಿಗಿಂತ ಹೆಚ್ಚು ಸಮಯ ಸಿಕ್ಕಿದೆ. ಇಯರ್‌ಫೋನಿನ ದೋಷವೆಂದು ಶುರುವಾದದ್ದು ಕ್ರಮೇಣ ಬೇರೆಯೇ ಪ್ರಶ್ನೆಯಾಗಿ ಬೆಳೆದಿದೆ: ಇನ್ನೊಬ್ಬರ ಮಾತು ಕೇಳುವಾಗ ಕೇಳುವವರು ಎಲ್ಲಿರುತ್ತಾರೆ? ಅವರ ಸದ್ದು ಎಲ್ಲಿಗೆ ಹೋಗುತ್ತದೆ?

ಮೊದಲು ಈ ಸದ್ದು ಹುಟ್ಟುವ ಬಗೆ. ಚಿಕ್ಕವರಿದ್ದಾಗ ಎರಡು ಖಾಲಿ ಬೆಂಕಿಪೊಟ್ಟಣಗಳ ನಡುವೆ ದಾರ ಕಟ್ಟಿ ಫೋನ್ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಾರ ಬಿಗಿಯಾಗಿದ್ದರೆ ಆಚೆ ತುದಿಯ ಪಿಸುಮಾತೂ ಕೇಳುತ್ತದೆ. ನಡುವೆ ಯಾರಾದರೂ ತುಂಟರು ಬಂದು ಉಗುರಿನಿಂದ ದಾರ ಮೀಟಿದರೋ, ಕಿವಿ ಹಿಡಿದುಕೊಂಡು ಕಿರುಚಬೇಕು. ಇಯರ್‌ಫೋನಿನ ವೈರ್ ತಯಾರಾಗುವುದು ವಿದ್ಯುತ್ತನ್ನು ಒಯ್ಯಲು. ಆದರೆ ಅದು ಜೊತೆಗೆ ಒಂದು ದಾರವೂ ಹೌದು. ಬಟ್ಟೆಗೆ, ಗಲ್ಲಕ್ಕೆ, ಮೇಜಿನ ಅಂಚಿಗೆ ತಾಕಿದಾಗ ಹುಟ್ಟುವ ನಡುಕ ಅದರಲ್ಲಿ ಹರಿದು ನೇರ ಕಿವಿಯ ನಾಳಕ್ಕೆ ಸೇರುತ್ತದೆ. ವೇದಿಕೆಯ ಮೇಲೆ ಹಾಡುವವರು ವೈರನ್ನು ಕಿವಿಯ ಮೇಲಿಂದ ಸುತ್ತಿ ಬೆನ್ನ ಹಿಂದಕ್ಕೆ ಬಿಟ್ಟುಕೊಳ್ಳುವುದರಿಂದ ಈ ಸದ್ದೂ ತಗ್ಗುತ್ತದೆ. ಕಿವಿಯ ಮೇಲಿನ ತಿರುವು ನಡುಕವನ್ನು ಅಲ್ಲಿಯೇ ಹೀರಿಬಿಡುತ್ತದೆ. ಅಂಗಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್ಪಿನದೂ ಅದೇ ಕೆಲಸ.

ಹೊರಗೆ ನೇತಾಡುವ ವೈರ್ ಇಷ್ಟು ಸದ್ದು ಮಾಡುತ್ತದೆಂದರೆ ಕಿವಿ ಮುಚ್ಚಿರುವುದೂ ಅದಕ್ಕೆ ಕಾರಣ. ಈ ಸಾಲು ಓದುತ್ತಿರುವವರು ಒಂದು ಕೆಲಸ ಮಾಡಿ ನೋಡಬಹುದು. ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿ ‘ಆ’ ಎನ್ನಿ, ಆಮೇಲೆ ‘ಈ’ ಎನ್ನಿ. ‘ಈ’ ಎಂಬುದು ತಲೆಬುರುಡೆಯ ತುಂಬ ಗುಂಯ್‌ಗುಡುತ್ತದೆ, ‘ಆ’ ಅಷ್ಟಾಗಿ ಇಲ್ಲ. ನಾವು ಮಾತಾಡಿದಾಗ, ಅಗಿದಾಗ, ನಡೆದಾಗ ನಮ್ಮ ಮೂಳೆಗಳು ಅದುರುತ್ತವೆ. ಆ ಅದುರು ಕಿವಿಯ ನಾಳದ ಗೋಡೆಗೂ ತಲುಪುತ್ತದೆ. ನಾಳ ತೆರೆದಿದ್ದರೆ ಅದರ ಬಹುಪಾಲು ಹೊರಗೆ ಹೊರಟುಹೋಗುತ್ತದೆ. ಮುಚ್ಚಿದ್ದರೆ ಹೋಗಲು ದಾರಿಯಿಲ್ಲದೆ ಕಿವಿತಮಟೆಯ ಮೇಲೆಯೇ ಬಡಿಯುತ್ತದೆ. ತಗ್ಗು ಸ್ಥಾಯಿಯಲ್ಲಿ ಇದು ಸುಮಾರು 20 ಡೆಸಿಬೆಲ್‌ನಷ್ಟು ಏರಬಲ್ಲದು. ಹುರಿಗಡಲೆ ತಿನ್ನುತ್ತಾ ಇಯರ್‌ಫೋನಿನಲ್ಲಿ ಶಾಸ್ತ್ರೀಯ ಸಂಗೀತ ಕೇಳಲು ಯತ್ನಿಸಿದವರಿಗೆ ಅಂಕಿ ಬೇಕಾಗಿಲ್ಲ.

ಅಂದರೆ ಲೋಕದ ಸದ್ದು ಬೇಡವೆಂದು ಬಾಗಿಲು ಹಾಕಿಕೊಂಡವರಿಗೆ ಸಿಗುವುದು ಮೌನವಲ್ಲ, ಅವರದೇ ದೇಹದ ಗಲಾಟೆ. ಇದನ್ನು ಮೊದಲು ಗಮನಿಸಿದವರು ಇಯರ್‌ಫೋನ್ ಮಾಡಿದ ಎಂಜಿನಿಯರುಗಳೇನೂ ಅಲ್ಲ. ಛಾಂದೋಗ್ಯ ಉಪನಿಷತ್ತಿನ 3ನೇ ಅಧ್ಯಾಯದಲ್ಲಿ, ಮನುಷ್ಯನ ಒಳಗಿರುವ ಬೆಳಕಿಗೆ ಸಾಕ್ಷಿ ಏನು ಎಂಬಲ್ಲಿ, ಕಿವಿ ಮುಚ್ಚಿಕೊಂಡಾಗ ಕೇಳುವ ಸದ್ದಿನ ಮಾತು ಬರುತ್ತದೆ. ಅದು ಎತ್ತಿನ ಗುಟುರಿನಂತೆ, ಉರಿಯುವ ಬೆಂಕಿಯಂತೆ ಇರುತ್ತದಂತೆ. ಬೃಹದಾರಣ್ಯಕದ 5ನೇ ಅಧ್ಯಾಯ ಇನ್ನೂ ನೇರ: ಅದು ಉಂಡ ಅನ್ನವನ್ನು ಅರಗಿಸುತ್ತಿರುವ ಒಳಗಿನ ಅಗ್ನಿಯ ಸದ್ದು, ಸಾವಿಗೆ ಹತ್ತಿರವಾದವರಿಗೆ ಅದು ಕೇಳಿಸದು. ನಮ್ಮ ದೇಶದ ಹಲವೆಡೆ ಹಿರಿಯರು ಮಕ್ಕಳಿಗೆ ಹೇಳುವ ಕಥೆ ಮತ್ತೊಂದು. ಮಂಡೋದರಿಗೆ ರಾಮ ಮುತ್ತೈದೆಯಾಗಿ ಬಾಳೆಂದು ಹರಸಿಬಿಟ್ಟನಂತೆ. ಮಾತು ಸುಳ್ಳಾಗಬಾರದಲ್ಲ, ಹಾಗಾಗಿ ರಾವಣನ ಚಿತೆ ಇವತ್ತಿಗೂ ಆರಿಲ್ಲ, ಕಿವಿ ಮುಚ್ಚಿಕೊಂಡರೆ ಕೇಳುವುದು ಅದೇ ಉರಿ.

ಉಪನಿಷತ್ತಿನವರು ಬೆರಳಿಟ್ಟು ಕೇಳಿದ್ದು, ಅಜ್ಜಿಯರ ಕಥೆಯಲ್ಲಿ ಉರಿಯುವುದು, ನಮ್ಮ ಕಿವಿಯೊಳಗೆ ಮೊರೆಯುವುದು ಹೆಚ್ಚುಕಡಿಮೆ ಒಂದೇ. ಮೊದಲಿನವರು ಅದನ್ನು ಬದುಕಿದ್ದೇವೆ ಎಂಬುದರ ಗುರುತು ಎಂದರು. ಕಥೆ ಹೇಳಿದವರು ಅದರಲ್ಲಿ ಎಂದೂ ವಿಧವೆಯಾಗದ ಒಬ್ಬ ಹೆಂಗಸಿನ ವಿಚಿತ್ರ ದುಃಖವನ್ನು ಕೇಳಿದರು. ನಾವು ಅದನ್ನು ದೋಷ ಎನ್ನುತ್ತೇವೆ. ದೋಷವೆನ್ನುವುದು ತಪ್ಪೆಂದು ನಾನು ವಾದಿಸುವುದಿಲ್ಲ. ಕಿವಿಯಲ್ಲಿ ತುರಿಕೆಯಾದರೆ ಅದು ತುರಿಕೆಯೇ, ಅದಕ್ಕೆ ವೇದಾಂತ ಹಚ್ಚಿ ಸಹಿಸಿಕೊಳ್ಳಬೇಕಾಗಿಲ್ಲ. ಎರಡು ಗಂಟೆ ಕಳೆದ ಮೇಲೆ ಎಡಗಿವಿ ನೋಯತೊಡಗಿದರೆ ನಾನು ತೆಗೆದಿಟ್ಟು ಚಹಾ ಕುಡಿಯಲು ಹೋಗುತ್ತೇನೆ.

ಆದರೆ ಹಿತ ಎಂದರೇನು ಎಂದು ಕೇಳಬಹುದಲ್ಲವೇ? ಇಯರ್‌ಫೋನ್ ಕೊಂಡಾಗ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ರಬ್ಬರ್ ಬಡ್‌ಗಳಿರುತ್ತವೆ. ಮೂರನ್ನೂ ಹಾಕಿ ತೆಗೆದು ನೋಡುವಾಗ ಎಷ್ಟೋ ಜನರಿಗೆ ಎರಡು ಕಿವಿಗಳ ಅಳತೆ ಒಂದೇ ಅಲ್ಲವೆಂಬುದು ಮೊದಲ ಸಲ ತಿಳಿಯುತ್ತದೆ. ಸ್ಪಂಜಿನಂಥ ಫೋಮ್ ಬಡ್‌ಗಳೂ ಉಂಟು. ಹಿಸುಕಿ ಸಣ್ಣದು ಮಾಡಿ ಕಿವಿಗಿಟ್ಟು, ಅದು ಉಬ್ಬಿಕೊಳ್ಳುವ ತನಕ ಬೆರಳಿನಿಂದ ಒತ್ತಿಹಿಡಿಯಬೇಕು. ಹಿತವಾಗಿದೆ ಎನ್ನುವುದು ಯಾವಾಗ? ಕಿವಿಯಲ್ಲಿ ಏನೋ ಇದೆ ಎಂಬುದು ಮರೆತುಹೋದಾಗ. ಆದರೆ ಇಲ್ಲೊಂದು ಇಕ್ಕಟ್ಟಿದೆ. ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ, ಒಳಗಿನದು ಗಟ್ಟಿ ಮೂಳೆ. ಹೆಚ್ಚು ಅದುರುವುದು ಮೃದುವಾದ ಹೊರಭಾಗ. ಬಡ್ ಹೊರಗೇ ಹಿತವಾಗಿ ಕೂತರೆ ದೇಹದ ಸದ್ದು ಮೊಳಗುತ್ತದೆ. ಮೂಳೆಯ ತನಕ ಆಳಕ್ಕೆ ತಳ್ಳಿದರೆ ಆ ಸದ್ದು ತಗ್ಗುತ್ತದೆ, ಆದರೆ ಅಲ್ಲಿನ ಚರ್ಮ ತೀರಾ ತೆಳು, ಮುಟ್ಟಿದರೆ ನೋವು. ಮೀಡ್ ಕಿಲಿಯನ್ 1983ರಲ್ಲಿ ಕಟ್ಟಿದ ಎಟಿಮೋಟಿಕ್ ರಿಸರ್ಚ್ ಎಂಬ ಅಮೆರಿಕದ ಸಂಸ್ಥೆ 1991ರಲ್ಲಿ ತಂದ ಇಆರ್-4 ಎಂಬ ಇಯರ್‌ಫೋನ್ ಹೀಗೆ ಆಳಕ್ಕಿಳಿಯುವಂಥದು. ಒಂದರ ಮೇಲೊಂದು ಮೂರು ಕೊಡೆ ಬಿಚ್ಚಿದಂತಿರುವ ಅದರ ತುದಿಯನ್ನು ಮೆಚ್ಚಿ ದಶಕಗಟ್ಟಲೆ ಬಳಸುವವರಿದ್ದಾರೆ, ಒಂದೇ ದಿನಕ್ಕೆ ಕಿತ್ತಿಟ್ಟವರೂ ಇದ್ದಾರೆ. ನಮ್ಮನ್ನು ನಾವು ಕೇಳಿಸಿಕೊಳ್ಳದೆ ಇರಬೇಕೆಂದರೆ ನೋವು ತಾಳಬೇಕು, ನೋವು ಬೇಡವೆಂದರೆ ನಮ್ಮ ಸದ್ದಿನೊಡನೆ ಇರಬೇಕು. ವೈರ್ ಇಲ್ಲದವು ಬಂದ ಮೇಲೆ ವೈರ್‌ಸದ್ದು ಹೋಯಿತು, ನಿಜ. ಹೆಜ್ಜೆಯ ಧಪಧಪ, ದವಡೆಯ ಕಟಕಟ ಪೂರ್ತಿ ಹೋಗಿಲ್ಲ.

ಕಿವಿ ಮುಚ್ಚಿಕೊಳ್ಳುವುದು ಸರಿಯೇ ಎಂಬುದು ಇನ್ನೊಂದು ಕಡೆಯಿಂದ ಏಳುವ ಪ್ರಶ್ನೆ. ಕನ್ನಡದಲ್ಲಿ ‘ಕಿವಿಗೆ ಹಾಕಿಕೊಳ್ಳುವುದು’ ಎಂದರೆ ಹೇಳಿದ್ದನ್ನು ಗಮನಕ್ಕೆ ತಂದುಕೊಳ್ಳುವುದು. ಈಗ ಅದಕ್ಕೆ ಇಯರ್‌ಫೋನ್ ಹಾಕಿಕೊಳ್ಳುವುದು ಎಂಬ ತದ್ವಿರುದ್ಧ ಅರ್ಥವೂ ಸೇರಿದೆ. ‘ಸದಾ ಕಿವಿಗೆ ಹಾಕ್ಕೊಂಡಿರ್ತೀಯ, ನಾನು ಹೇಳಿದ್ದು ಮಾತ್ರ ಕಿವಿಗೆ ಹಾಕ್ಕೊಳ್ಳಲ್ಲ’ ಎಂದು ಬೈಯುವ ಅಮ್ಮಂದಿರು ಎರಡನ್ನೂ ಒಂದೇ ವಾಕ್ಯದಲ್ಲಿ ಬಳಸುತ್ತಾರೆ.

ಸೋನಿ ಕಂಪನಿ 1979ರಲ್ಲಿ ವಾಕ್‌ಮನ್ ತಂದಾಗ ಅದರ ಮುಖ್ಯಸ್ಥರಲ್ಲೊಬ್ಬರಾದ ಅಕಿಯೊ ಮೊರಿಟಾ ಅವರಿಗೆ ಇದೇ ಚಿಂತೆ ಇತ್ತು. ಮನೆಯಲ್ಲಿ ಅದನ್ನು ಹಾಕಿಕೊಂಡು ಕೂತಾಗ ಹೆಂಡತಿಗೆ ತನ್ನನ್ನು ಹೊರಗಿಟ್ಟಂತೆ ಅನಿಸಿತೆಂದು ಅವರೇ ಬರೆದುಕೊಂಡಿದ್ದಾರೆ. ಒಬ್ಬರೇ ಕೇಳುವುದು ಅಸಭ್ಯವೆನಿಸಬಹುದೆಂದು ಮೊದಲ ಮಾದರಿಯಲ್ಲಿ ಇಬ್ಬರು ಸಿಕ್ಕಿಸಿಕೊಳ್ಳಲು ಎರಡು ತೂತುಗಳನ್ನಿಟ್ಟರು. ಕಿತ್ತಳೆ ಬಣ್ಣದ ಒಂದು ಗುಂಡಿಯೂ ಇತ್ತು. ಒತ್ತಿದರೆ ಹಾಡು ತಗ್ಗಿ, ಪುಟ್ಟ ಮೈಕಿನ ಮೂಲಕ ಎದುರಿನವರ ಮಾತು ಕೇಳುತ್ತಿತ್ತು. ಕೊಂಡವರಿಗೆ ಹಂಚಿಕೊಳ್ಳುವ ಆಸೆಯೇನೂ ಇರಲಿಲ್ಲ, ಪ್ರತಿಯೊಬ್ಬರಿಗೂ ತಮ್ಮದೇ ಬೇಕಿತ್ತು. ಮುಂದಿನ ಮಾದರಿಗಳಲ್ಲಿ ಗುಂಡಿ ಹೋಯಿತು. ನಲವತ್ತು ವರ್ಷಗಳ ಮೇಲೆ, 2019ರಲ್ಲಿ, ಆಪಲ್‌ನ ಏರ್‌ಪಾಡ್ಸ್ ಪ್ರೊದಲ್ಲಿ ‘ಟ್ರಾನ್ಸ್‌ಪರೆನ್ಸಿ’ ಎಂಬ ಹೆಸರಿನಲ್ಲಿ ಬಂದದ್ದು ಹೆಚ್ಚುಕಡಿಮೆ ಅದೇ ಗುಂಡಿ: ಮೊದಲು ಕಿವಿ ಮುಚ್ಚುವುದು, ಆಮೇಲೆ ಮೈಕ್ ಇಟ್ಟು ಲೋಕವನ್ನು ಒಳಗೆ ಬಿಟ್ಟುಕೊಳ್ಳುವುದು.

ಹಾಗೆಂದು ಇಯರ್‌ಫೋನ್ ಹಾಕಿಕೊಂಡವರನ್ನೆಲ್ಲ ಸ್ವಾರ್ಥಿಗಳೆನ್ನುವ ಹಿರಿಯರ ಧಾಟಿ ನನಗೆ ಒಪ್ಪಿಗೆಯಿಲ್ಲ. 2021ರಲ್ಲಿ ಕರ್ನಾಟಕ ಹೈಕೋರ್ಟಿನ ನಿರ್ದೇಶನದಂತೆ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲಿನ ಹಾಡು, ವಿಡಿಯೊಗಳನ್ನು ಜೋರಾಗಿ ಹಾಕುವುದನ್ನು ನಿಷೇಧಿಸಿತು. ಅಲ್ಲಿ ಇಯರ್‌ಫೋನ್ ಎಂದರೆ ಪಕ್ಕದವರ ಕಿವಿಗೆ ತೋರುವ ಮರ್ಯಾದೆ. ಇನ್ನು ನನ್ನಂಥ ಹುಡುಗಿಯರ ಲೆಕ್ಕವೇ ಬೇರೆ. ರಾತ್ರಿಯ ಬಸ್ಸಿನಲ್ಲಿ ಏನೂ ಹಾಕದೆ, ಬರೀ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುವುದು ನಮಗೆಲ್ಲ ಗೊತ್ತಿರುವ ಉಪಾಯ. ‘ಯಾವೂರು ನಿಮ್ದು?’ ಎಂದು ಶುರುಮಾಡುವವರಿಗೆ ಅದು ಬಾಗಿಲು ಹಾಕಿದೆ ಎಂಬ ಸೂಚನೆ. ಆಗ ಕಿವಿಯಲ್ಲಿ ಹಾಡಿರುವುದಿಲ್ಲ, ವೈರ್‌ಸದ್ದೊಂದೇ ಇರುತ್ತದೆ, ಅದರಾಚೆ ಎಲ್ಲವೂ ಮಸುಕಾಗಿ ಕೇಳುತ್ತಲೂ ಇರುತ್ತದೆ. ಸ್ವಂತ ಕೋಣೆಯಿಲ್ಲದವರು ಕಿವಿಯಲ್ಲೊಂದು ಕೋಣೆ ಮಾಡಿಕೊಂಡರೆ ಅದನ್ನು ಮನೆಯಿದ್ದವರು ಆಕ್ಷೇಪಿಸುವುದು ಸುಲಭ.

ಕೇಳದಿರುವ ಹಕ್ಕು ಇದೆ ಎಂದೇ ನನ್ನ ನಂಬಿಕೆ. ನನ್ನನ್ನು ಕಾಡುವುದು, ಕೇಳುತ್ತೇನೆ ಎಂದು ಒಪ್ಪಿಕೊಂಡು ಕೂತಾಗ ಏನಾಗುತ್ತದೆ ಎಂಬುದು. ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನ ನಮಗೆ ಕಲಿಸುವುದು ಇಷ್ಟು: ರೆಕಾರ್ಡರ್ ಆನ್ ಆದ ಮೇಲೆ ನಡುವೆ ಮಾತಾಡಬೇಡಿ, ಬೇಕಿದ್ದರೆ ತಲೆಯಾಡಿಸಿ, ನಿಮ್ಮ ಸದ್ದು ಧ್ವನಿಮುದ್ರಣದಲ್ಲಿ ಬರಬಾರದು. ಒಳ್ಳೆಯ ಸಲಹೆಯೇ. 1816ರಲ್ಲಿ ರೆನೆ ಲಾನೆಕ್ ಎಂಬ ಫ್ರೆಂಚ್ ವೈದ್ಯ ರೋಗಿಯ ಎದೆಗೆ ನೇರ ಕಿವಿಯಿಡಲು ಸಂಕೋಚಪಟ್ಟು ಕಾಗದ ಸುರುಳಿ ಸುತ್ತಿ ಸ್ಟೆತಾಸ್ಕೋಪಿಗೆ ನಾಂದಿ ಹಾಡಿದ. ಅದರ ಇಂದಿನ ರಬ್ಬರ್ ನಳಿಗೆಯೂ ಬಟ್ಟೆಗೆ ಉಜ್ಜಿದರೆ ಎದೆಯ ಸದ್ದಿನೊಳಗೆ ಸೇರಿಕೊಳ್ಳುತ್ತದೆ. ನಳಿಗೆ ಎಲ್ಲಿಗೂ ತಾಕದಂತೆ ಹಿಡಿಯುವುದು ಕೇಳುವವರ ಜವಾಬ್ದಾರಿ.

ಆದರೆ ನಾನು ಹೋದ ಹಳ್ಳಿಯ ಆಯಿಗೆ ಈ ಶಿಸ್ತು ಒಪ್ಪಿಗೆಯಾಗಲಿಲ್ಲ. ಊರಿಗೆ ಗಿರಣಿ ಬಂದು ದಶಕಗಳೇ ಆಗಿವೆ, ಬೀಸುಕಲ್ಲು ಮೂಲೆಯಲ್ಲಿತ್ತು. ಸುಮ್ಮನೆ ಹಾಡಿ ಎಂದರೆ, ‘ಕಲ್ಲ ತಿರುವಲಾರದ ಪದಾ ನೆನಪಿಗೆ ಬರಂಗಿಲ್ಲ’ ಎಂದು ಅದನ್ನು ಈಚೆಗೆ ಎಳೆಸಿ, ಒಂದು ಮೊರ ಜೋಳ ಇಟ್ಟುಕೊಂಡು ಕೂತರು. ಹಾಡುಗಳ ನಡುನಡುವೆ ತಮ್ಮ ತವರಿನ ಕಥೆ ತೆಗೆದರು. ನಾನು ಕಲಿತಂತೆ ತಲೆಯಾಡಿಸುತ್ತಿದ್ದೆ. ಆಯಿಗೆ ಕಣ್ಣು ಮಂಜು. ಸ್ವಲ್ಪ ಹೊತ್ತಾದ ಮೇಲೆ ಕಲ್ಲು ನಿಲ್ಲಿಸಿ, ‘ಹೂಂ ಅನ್ನ ಯವ್ವಾ, ಸುಮ್ಮ ಕುಂತರ ನಾ ಗ್ವಾಡಿಗೆ ಹೇಳಿಧಂಗ ಆಗತೈತಿ’ ಎಂದರು.

ಕಥೆ ಹೇಳುವವರಿಗೆ ಹೂಂಗುಡುವ ಕಿವಿ ಬೇಕು. ಅಜ್ಜಿಯ ಪಕ್ಕ ಮಲಗಿ ಕಥೆ ಕೇಳಿದವರಿಗೆಲ್ಲ ಇದು ಗೊತ್ತು, ಹೂಂ ನಿಂತರೆ ಮಗು ಮಲಗಿತೆಂದು ಕಥೆಯೂ ನಿಲ್ಲುತ್ತದೆ. ಎ.ಕೆ. ರಾಮಾನುಜನ್ ಅವರು 1991ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾರತದ ಜನಪದ ಕಥೆಗಳ ಸಂಕಲನದಲ್ಲಿ ಒಂದು ತಮಿಳು ಕಥೆ ಇದೆ. ಮಗ ಸೊಸೆಯರ ಕಾಟ ಯಾರಿಗೂ ಹೇಳಲಾಗದ ಮುದುಕಿಯೊಬ್ಬಳು ಪಾಳು ಮನೆಗೆ ಹೋಗಿ ನಾಲ್ಕು ಗೋಡೆಗಳಿಗೂ ಒಂದೊಂದು ದುಃಖ ಹೇಳುತ್ತಾಳೆ. ಹೇಳಿದಂತೆ ಒಂದೊಂದೇ ಗೋಡೆ ಕುಸಿಯುತ್ತದೆ, ಅವಳ ಮೈ ಹಗುರಾಗುತ್ತದೆ. ತಮಿಳುನಾಡಿನ ಆ ಮುದುಕಿಗೆ ಗೋಡೆ ಸಾಕಾಯಿತು. ಆಯಿಗೆ ಸಾಲಲಿಲ್ಲ. ಗೋಡೆ ಬಿದ್ದಾದರೂ ಓಗೊಟ್ಟಿತು ಎಂದು ಓದಿಕೊಳ್ಳಬಹುದೇನೋ. ಏನೂ ಆಗದೆ ನಿಂತೇ ಇರುವ ಗೋಡೆಗೆ ಹೇಳುವುದು ಯಾರಿಂದಲೂ ಆಗುವುದಿಲ್ಲ.

ಆಮೇಲಿನ ಧ್ವನಿಮುದ್ರಣದ ತುಂಬ ನನ್ನ ಹೂಂಗಳಿವೆ. ಈಗ ಹಾಸ್ಟೆಲ್ ಕೋಣೆಯಲ್ಲಿ ಅದನ್ನು ಬರಹಕ್ಕಿಳಿಸುತ್ತಾ ಕೂತಾಗ ಅಭ್ಯಾಸಬಲದಿಂದ ಮತ್ತೊಮ್ಮೆ ಹೂಂ ಎನ್ನುತ್ತೇನೆ. ಬಾಯಿ ಮುಚ್ಚಿಯೇ ಹೊರಡಿಸಬಹುದಾದ ಈ ಸದ್ದು, ಕಿವಿ ಮುಚ್ಚಿರುವಾಗ ಎಲ್ಲಕ್ಕಿಂತ ಜೋರಾಗಿ ತಲೆಯಲ್ಲಿ ಮೊಳಗುತ್ತದೆ. ಆಯಿಯ ಮುಂದಿನ ಎರಡು ಪದ ಅದರಡಿ ಮುಳುಗಿಹೋಗುತ್ತವೆ. ಹಿಂದಕ್ಕೆ ಹೋಗಿ ಮತ್ತೆ ಕೇಳಬೇಕು. ಆಯಿಯ ಎದುರು ಕೂತಾಗ ಯಾವ ಸದ್ದು ಮಾಡಿದರೆ ಮಾತು ಮುಂದುವರಿಯುತ್ತಿತ್ತೋ ಅದೇ ಸದ್ದು ಇಲ್ಲಿ ಆಯಿಯನ್ನು ಮುಚ್ಚಿಹಾಕುತ್ತದೆ.

ಇನ್ನೂ ಸೂಕ್ಷ್ಮವಾದ ತೊಡಕು ಬೀಸುಕಲ್ಲಿನದು. ತಗ್ಗಿದ ದನಿಯಲ್ಲಿ ಹಾಡುವಾಗ ಹಿಂದೆ ಕಲ್ಲಿನ ಗರಗರ ಇರುತ್ತದೆ. ಅದರ ಜೊತೆಗೆ ನನ್ನ ವೇಲಿಗೆ ವೈರ್ ಉಜ್ಜುವ ಸರಸರ. ಇಯರ್‌ಫೋನಿನಲ್ಲಿ ಇವೆರಡೂ ಅಣ್ಣತಮ್ಮಂದಿರಂತೆ ಕೇಳುತ್ತವೆ. ಯಾವುದು ಯಾವುದೆಂದು ತಿಳಿಯಲು ನಾನು ಮಾಡುವುದು ಒಂದೇ ಉಪಾಯ: ಉಸಿರು ಬಿಗಿಹಿಡಿದು ಮೂರ್ತಿಯಂತೆ ಕೂರುವುದು. ಆಗಲೂ ಉಳಿದ ಸದ್ದು ಆಯಿಯದು, ನಿಂತುಹೋದದ್ದು ನನ್ನದು. ಇಷ್ಟು ಸರಳವಾದ, ನಂಬಬಹುದಾದ ಪರೀಕ್ಷೆ ನನ್ನ ಸಂಶೋಧನೆಯಲ್ಲಿ ಬೇರೆಲ್ಲೂ ಇಲ್ಲ.

ಏಕೆಂದರೆ ಇದಕ್ಕಿಂತ ದೊಡ್ಡ ಅನುಮಾನಗಳಿಗೆ ಈ ಪರೀಕ್ಷೆ ಬಾರದು. ತವರಿನ ಹಾಡೊಂದರಲ್ಲಿ ಅಣ್ಣನ ಹೆಸರು ಬರುವ ಮುನ್ನ ಆಯಿಯ ದನಿ ಇಳಿದು ಒಂದು ಕ್ಷಣ ನಿಲ್ಲುತ್ತದೆ. ಕಾಗದದ ಮೇಲೆ ಆ ಜಾಗದಲ್ಲಿ ಮೂರು ಚುಕ್ಕಿ ಹಾಕಿದರೆ ಓದುವ ಯಾರಿಗಾದರೂ ಅದು ಗಂಟಲುಬ್ಬಿದ ಜಾಗ. ಧ್ವನಿಮುದ್ರಣದಲ್ಲಿ ಅದೇ ಹೊತ್ತಿಗೆ ಕಲ್ಲಿನ ಗತಿಯೂ ತಗ್ಗುತ್ತದೆ, ಹಿಡಿ ಜೋಳ ಬಾಯಿಗೆ ಬೀಳುವ ಸದ್ದು ಕೇಳುತ್ತದೆ. ಬೀಸುವಾಗ ಕಾಳು ಹಾಕಲು ಹೀಗೆ ತಡೆಯಲೇಬೇಕು. ಹಾಗಾದರೆ ಅಲ್ಲಿ ದುಃಖವಿಲ್ಲವೇ? ಕಾಳು ಹಾಕುವ ನೆಪದಲ್ಲಿಯೇ ಸುಧಾರಿಸಿಕೊಂಡಿರಬಹುದು. ಅಥವಾ ತವರಿನ ಹಾಡೆಂದರೆ ದುಃಖವಿರಬೇಕು ಎಂದು ಪುಸ್ತಕಗಳಿಂದ ಕಲಿತುಬಂದ ನನ್ನ ಕಿವಿ ಉಜ್ಜಿಕೊಂಡ ಸದ್ದೂ ಇರಬಹುದು. ಉಸಿರು ಬಿಗಿಹಿಡಿದು ಕೂತರೆ ವೈರ್ ನಿಲ್ಲುತ್ತದೆ, ಓದಿದ್ದು ನಿಲ್ಲುವುದಿಲ್ಲ. ಕನ್ನಡದಲ್ಲಿ ಕೇಳು ಎಂಬ ಒಂದೇ ಕ್ರಿಯಾಪದ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಇದೆ. ಆ ಕ್ಷಣದ ಬಗ್ಗೆ ಆಯಿಯನ್ನೇ ಕೇಳಬೇಕು, ಮುಂದಿನ ಸಲ ಹೋದಾಗ.

1931ರಲ್ಲಿ ಹಲಸಂಗಿ ಗೆಳೆಯರು ತಂದ ‘ಗರತಿಯ ಹಾಡು’ ಇಲ್ಲದಿದ್ದರೆ ನನ್ನಂಥವರು ಈ ದಾರಿಗೆ ಬರುತ್ತಲೇ ಇರಲಿಲ್ಲ. ಅದರ ಪುಟಗಳಲ್ಲಿ ತ್ರಿಪದಿಗಳು ಶುಭ್ರವಾಗಿ ನಿಂತಿವೆ. ಕಲ್ಲಿಲ್ಲ, ಜೋಳವಿಲ್ಲ, ಹೂಂ ಎಂದವರಿಲ್ಲ. ರೆಕಾರ್ಡರ್ ಇಲ್ಲದ ಕಾಲದಲ್ಲಿ ಕಿವಿ ಮತ್ತು ಲೆಕ್ಕಣಿಕೆ ನಂಬಿ ಮಾಡಿದ ಆ ಕೆಲಸದ ಬಗ್ಗೆ ದೂರು ಹೇಳುವುದು ಅಲ್ಪತನ. ಆದರೆ ಕಲ್ಲು ಕೇಳಿಸುತ್ತಿರುವಾಗಲೂ ನಾವು ಅದೇ ಶುಭ್ರತೆಯನ್ನು ಮಾದರಿಯಾಗಿ ಇಟ್ಟುಕೊಳ್ಳಬೇಕೇ ಎಂದು ಕೇಳಬಹುದು. ಪ್ರಬಂಧದ ಅನುಬಂಧಕ್ಕೆ ನನಗೆ ಕೊಟ್ಟಿರುವ ನಮೂನೆಯಲ್ಲಿ ಹಾಡಿದವರ ಸಾಲಿಗೆ ಒಂದು ಕಾಲಂ ಇದೆ, ಅರ್ಥ ವಿವರಣೆಗೆ ಇನ್ನೊಂದು. ಅನಗತ್ಯ ಸದ್ದು, ಉದ್ಗಾರಗಳನ್ನು ಬಿಡತಕ್ಕದ್ದು ಎಂಬ ಟಿಪ್ಪಣಿ ಕೆಳಗಿದೆ.

ನಾನು ಮೂರನೆಯದೊಂದು ಕಾಲಂ ಎಳೆದುಕೊಂಡಿದ್ದೇನೆ. ಅದರಲ್ಲಿ ನನ್ನ ಹೂಂಗಳನ್ನು ಅವು ಬಂದ ಜಾಗದಲ್ಲಿಯೇ ಬರೆಯುತ್ತಿದ್ದೇನೆ, ಕಾಳು ಹಾಕಿದ ಕಡೆಗಳಲ್ಲಿ ‘ಕಾಳು’ ಎಂದು ಗುರುತು ಹಾಕುತ್ತಿದ್ದೇನೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಕಲ್ಲಿನ ಗರಗರವನ್ನು ಹೇಗೆ ಬರೆಯುವುದೆಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಅದು ಎಲ್ಲ ಸಾಲಿನಲ್ಲೂ ಇದೆ.